ಮೈಕಿನಲ್ಲಿ ಕೊಟ್ಟ ಮನೆ

ಮಾರ್ಚ್ 3, ಸೋಮವಾರ. ಸಂಜೆ

ಹಲ್ಲಿನ ಡಾಕ್ಟರ ಮನೆ ಬಚ್ಚಲು ಮುಗಿಯಿತು. ಒಂದು ಚೊಂಬು ನೀರು ಸುರಿದರೆ ಹೇಳಿದ ಮಾತು ಕೇಳೋ ಮಗುವಿನ ಹಾಗೆ ಸೀದಾ ಜಾಲರಿಗೆ ಹೋಗಬೇಕು. ಹೋಯಿತು. ಡಾಕ್ಟರು ಬಗ್ಗಿ ನೋಡಿದರು. ಎಷ್ಟು ಓದಿದ್ದೀರಿ ಅಂತ ಕೇಳಿದರು. ಏಳನೇ ಕ್ಲಾಸು, ಹಳ್ಳಿ ಶಾಲೆ, ಆದರೆ ಟೈಲ್ಸ್ ಹಾಕೋದರಲ್ಲಿ ಎಂ.ಎ. ಅಂದೆ. ನಕ್ಕರು. ಹಲ್ಲು ಅಷ್ಟೇನೂ ಚೆನ್ನಾಗಿಲ್ಲ ಅವರದು.

ಸಿಮೆಂಟು ಅಂಗಡಿಯವನು ಈ ವರ್ಷವೂ ಡೈರಿ ಕೊಟ್ಟ. ಶಾಲೆಯಲ್ಲಿ ಮೇಷ್ಟ್ರು, ದಿನಾ ನಾಲ್ಕು ಸಾಲು ಬರಿಯೋ, ಕೈಬರಹ ಸುಧಾರಿಸುತ್ತೆ ಅಂದಿದ್ದರು. ನಲವತ್ತೈದು ವರ್ಷ ಆಯಿತು. ಇನ್ನೂ ಸುಧಾರಿಸ್ತಾ ಇದೆ.

ಟೀ ಹೊತ್ತಲ್ಲಿ ಡಾಕ್ಟರ ಹೆಂಡತಿ ಮಕ್ಕಳೆಷ್ಟು ಅಂತ ವಿಚಾರಿಸಿದರು. ಮದುವೆನೇ ಆಗಲಿಲ್ಲ, ತೀರಿಹೋದ ಅಕ್ಕನ ಮಗಳು ಒಬ್ಬಳಿದ್ದಾಳೆ, ಗುಬ್ಬಿ ಅಂತ ಕರೀತೀವಿ, ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೀತಾಳೆ, ಅವಳ ಮದುವೆಗೆ ಒಂದು ಮನೆ ಕೊಟ್ಟೆ ಅಂದೆ. ಮನೆನಾ ಅಂತ ಕಣ್ಣರಳಿಸಿದರು. ಹೂಂ, ಕೆಳಗೆ ಎರಡು ರೂಮು, ಮೇಲೊಂದು ಅರೆಬರೆ ರೂಮು ಅಂದೆ. ಎರಡನೇ ಸಲ ಟೀ ಬಂತು. ಜೊತೆಗೆ ಬಿಸ್ಕತ್ತು.

ಇಲ್ಲಿ ಯಾರು ನೋಡ್ತಾರೆ, ನಿಜ ಬರೀತೀನಿ. ಕೊಟ್ಟಿಲ್ಲ. ಮದುವೆಗೆ ನಾಲ್ಕು ವರ್ಷ ಮುಂಚೆಯೇ ಗುಬ್ಬಿ ಬ್ಯಾಂಕಿನಲ್ಲಿ ಸಾಲ ತೆಗೆದು ತಾನೇ ಕೊಂಡ ಮನೆ ಅದು. ದಿನಕ್ಕೆ ಎರಡು ಪಾಳಿ ದುಡಿದು ಕಂತು ಕಟ್ಟಿದಳು. ನಾನು ಅಡುಗೆಮನೆ ಕಟ್ಟೆ ಕಟ್ಟಿದೆ, ನೆಲ ಹಾಸಿದೆ. ಕಲ್ಲು ಅವಳದು, ಕೈ ನನ್ನದು. ಆದರೆ ಆರು ವರ್ಷದಿಂದ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸ ಆಗಿಬಿಟ್ಟಿದೆ. ಅಲ್ಲಿಗೆ ಹೋದರೆ ನನಗೇ ಅಂತ ಒಂದು ಕುರ್ಚಿ. ಅಳಿಯ — ಗುಬ್ಬಿ ಗಂಡ — ಎದ್ದು ನಿಲ್ಲುತ್ತಾನೆ. ಅವನ ತಾಯಿ, ನನ್ನ ಬೀಗಿತ್ತಿ, ಅಲ್ಲಿದ್ದ ದಿನ ತಾವೇ ನೀರು ತಂದು ಕೊಡುತ್ತಾರೆ. ಮನೆ ಕೊಟ್ಟವನಿಗೆ ಒಂದು ಲೋಟ ನೀರು ಹೆಚ್ಚಲ್ಲ.

ಗುಬ್ಬಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂರು ದಿನ ಆಯಿತು.

ಮಾರ್ಚ್ 5, ಬುಧವಾರ. ಬೆಳಿಗ್ಗೆ 9

ಗುಬ್ಬಿ ಬಂದಿದ್ದಾಳೆ. ಆಸ್ಪತ್ರೆ ಯೂನಿಫಾರಂನಲ್ಲೇ. ಕೈಯಲ್ಲಿ ಟಿಫನ್ ಚೀಲ, ಮತ್ತೇನಿಲ್ಲ.

ಡ್ಯೂಟಿ ಮುಗಿಸಿ ಮನೆಗೆ ಹೋದರೆ ಬಾಗಿಲಿಗೆ ಹೊಸ ಲಾಕು. ಅವಳ ಕೀ ತಿರುಗಲಿಲ್ಲ. ಅಳಿಯ ಕಿಟಕಿಯಿಂದ, ಲೆಕ್ಕ ತೀರಲಿ, ಆಮೇಲೆ ಒಳಗೆ ಬಾ ಅಂದನಂತೆ.

ಎರಡು ವರ್ಷದಿಂದ ಇಬ್ಬರಿಗೂ ಸರಿ ಇರಲಿಲ್ಲವಂತೆ. ನನಗೆ ಗೊತ್ತೇ ಆಗಲಿಲ್ಲ. ಕುರ್ಚಿ ಮೇಲೆ ಕೂತವನ ಕಣ್ಣು ಬಿಸ್ಕತ್ತಿನ ತಟ್ಟೆ ಮೇಲೆ. ದೊಡ್ಡ ಜಗಳ ಏನಿಲ್ಲ ಮಾವ, ಮಾತೇ ನಿಂತುಹೋಯಿತು ಅಂದಳು. ಬೇರೆಯಾಗೋಣ ಅಂತ ಇಬ್ಬರೂ ಒಪ್ಪಿದ್ದಾರೆ. ಆದರೆ ಅವನು ಮನೆಯಲ್ಲಿ ಅರ್ಧ ಕೇಳ್ತಿದ್ದಾನೆ.

ಅಳಲಿಲ್ಲ. ಟೀ ಮಾಡಿದೆ. ಸಕ್ಕರೆ ಜಾಸ್ತಿ ಆಯಿತು. ಕುಡಿದಳು. ನನ್ನ ಮಂಚದ ಮೇಲೆ ಮಲಗಿ ಎರಡು ನಿಮಿಷದಲ್ಲಿ ನಿದ್ದೆ. ನಾನು ಹೊಸ್ತಿಲ ಮೇಲೆ ಕೂತು ಬರೀತಿದ್ದೀನಿ. ಬಾಡಿಗೆಯ ಒಂದೇ ರೂಮು. ಊರಿಗೆಲ್ಲ ಹೊಳೆಯೋ ನೆಲ ಹಾಸಿದವನ ರೂಮಿಗೆ ಬಿರುಕು ಬಿಟ್ಟ ಸಿಮೆಂಟು.

ಮಗು ನನ್ನ ಹತ್ತಿರ ಬಂತಲ್ಲ. ಬೇರೆಲ್ಲೂ ಹೋಗಲಿಲ್ಲವಲ್ಲ. ಅಷ್ಟು ಸಾಕು.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಆ ಬೀದಿಗೆ ಹೋದೆ. ಅಳಿಯ ಕೆಲಸಕ್ಕೆ ಹೊರಟ ಮೇಲೆ. ಹಿಂಬಾಗಿಲು ಹೊರಕ್ಕೆ ತೆರೆಯೋದು. ಬಿಜಾಗರಿಗಳೂ ಹೊರಗಡೆ. ಹನ್ನೆರಡು ಸ್ಕ್ರೂ ಬಿಚ್ಚಿದರೆ ಬಾಗಿಲಿಗೆ ಬಾಗಿಲೇ ಕೈಗೆ ಬರುತ್ತೆ. ಬೀಗ ಬೀಗದ ಪಾಡಿಗೆ ಇರುತ್ತೆ. ಐದು ಬಿಚ್ಚಿದ್ದೆ. ಫೋನ್ ಬಂತು. ಎಲ್ಲಿದ್ದೀಯ ಮಾವ ಅಂದಳು. ಟೀ ಅಂಗಡೀಲಿ ಅಂದೆ. ಟೀ ಕಲಸೋಕೆ ಸ್ಕ್ರೂಡ್ರೈವರ್ ಯಾಕೆ ತಗೊಂಡು ಹೋದೆ ಅಂದಳು. ಎಕ್ಸ್‌ರೇ ತೆಗೆಯೋಳ ಹತ್ತಿರ ಏನು ಮುಚ್ಚಿಡೋದು. ಐದನ್ನೂ ವಾಪಸ್ ಹಾಕಿ ಬಂದೆ.

ಮಧ್ಯಾಹ್ನ ವಕೀಲಮ್ಮನ ಆಫೀಸಿಗೆ. ಜೆರಾಕ್ಸ್ ಅಂಗಡಿಯ ಮೇಲೆ. ಗುಬ್ಬಿ ವಯಸ್ಸೇ ಇರಬೇಕು. ಕಾಲಿಟ್ಟ ಕೂಡಲೇ ಗೊತ್ತಾಯಿತು, ಬಾಗಿಲ ಹತ್ತಿರ ಎರಡು ಟೈಲ್ಸ್ ಟೊಳ್ಳು. ಕೆಳಗೆ ಸಿಮೆಂಟು ಸರಿಯಾಗಿ ತುಂಬಿಲ್ಲ. ಹೇಳೋಣ ಅಂದುಕೊಂಡೆ. ಗುಬ್ಬಿ ತೋಳು ಹಿಡಿದಳು.

ವಕೀಲಮ್ಮ ಕಾಗದ ಕೇಳಿದರು. ಗುಬ್ಬಿ ಎಲ್ಲವನ್ನೂ ಆಸ್ಪತ್ರೆಯ ಲಾಕರ್‌ನಲ್ಲಿ ಇಟ್ಟಿದ್ದಳಂತೆ. ದೊಡ್ಡ ಎಕ್ಸ್‌ರೇ ಕವರಿನಿಂದ ತೆಗೆದಳು. ಕ್ರಯಪತ್ರ, ಸಾಲದ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ರಸೀದಿ. ಇಸವಿ ಪ್ರಕಾರ. ಇಷ್ಟು ನೀಟಾಗಿ ಯಾರೂ ತರಲ್ಲ ಅಂದರು ವಕೀಲಮ್ಮ. ನಮ್ಮ ಮನೆತನವೇ ಹಾಗೆ ಅಂದೆ ನಾನು. ಗುಬ್ಬಿ ನನ್ನ ಕಡೆ ನೋಡಿದಳು.

ಮದುವೆಗೆ ಮುಂಚೆ ನಿಮ್ಮ ದುಡಿಮೆಯಲ್ಲಿ ಕೊಂಡದ್ದು ನಿಮ್ಮದೇ ಅಂದರು. ಆದರೆ ಹೊರಗೆ ಇದ್ದಷ್ಟು ದಿನ ಎದುರಿನವರಿಗೆ ಧೈರ್ಯ. ಮೊದಲು ಒಳಗೆ ಹೋಗಬೇಕು, ಅದೂ ಕೋರ್ಟಿನ ಬಾಗಿಲಿಂದ. ಆಮೇಲೆ ನನ್ನ ಕಡೆ ತಿರುಗಿ, ಯಜಮಾನ್ರೇ, ಸ್ಕ್ರೂಡ್ರೈವರ್ ಮನೇಲಿಡಿ ಅಂದರು. ಗುಬ್ಬಿ ಇವರಿಗೂ ಹೇಳಿಬಿಟ್ಟಿದ್ದಾಳೆ.

ಮಾರ್ಚ್ 19, ಬುಧವಾರ

ಕೋರ್ಟಿನ ಆರ್ಡರ್ ಬಂತು. ತೀರ್ಮಾನ ಆಗೋವರೆಗೂ ಗುಬ್ಬಿ ಆ ಮನೆಯಲ್ಲೇ ಇರಬಹುದು, ಯಾರೂ ಹೊರಗೆ ಹಾಕೋ ಹಾಗಿಲ್ಲ. ಅಳಿಯ ತಾಯಿಮನೆಗೆ ಹೋಗ್ತೀನಿ ಅಂದ. ಎರಡು ಸೂಟ್‌ಕೇಸ್ ಬಾಗಿಲಲ್ಲಿಟ್ಟು ಕೀ ಕೊಟ್ಟ. ನನ್ನ ಮುಖ ನೋಡಲಿಲ್ಲ. ಕೆಟ್ಟವನಲ್ಲ ಹುಡುಗ. ಔಷಧಿ ಕಂಪನಿ ಕೆಲಸ ಬಿಟ್ಟು ಸ್ವಂತ ಮೆಡಿಕಲ್ ಸ್ಟೋರ್ ಇಡಬೇಕು ಅಂತ ಹುಚ್ಚು. ಹುಚ್ಚಿಗೆ ದುಡ್ಡು ಬೇಕು.

ಗುಬ್ಬಿ ಒಳಗೆ ಹೋಗಿ ಮೊದಲು ಅಡುಗೆಮನೆ ಕಟ್ಟೆ ಒರೆಸಿದಳು. ಆಮೇಲೆ ಎಲ್ಲ ಕಿಟಕಿ ತೆಗೆದಳು. ಆಮೇಲೆ ನೆಲದ ಮೇಲೆ ಕೂತು ಅತ್ತಳು. ಹದಿನಾಲ್ಕು ದಿನದ್ದು ಒಟ್ಟಿಗೆ.

ವಕೀಲಮ್ಮನಿಗೆ ಪುಣ್ಯ ಬರಲಿ. ಆ ಎರಡು ಟೊಳ್ಳು ಟೈಲ್ಸ್ ನಾನೇ ಸರಿಮಾಡಿಕೊಡ್ತೀನಿ. ಪುಕ್ಕಟೆ. ಊರಲ್ಲಿ ನನ್ನಷ್ಟು ಚೆನ್ನಾಗಿ ಮಾಡೋನು ಇನ್ನೊಬ್ಬನಿಲ್ಲ. ಇದು ಜಂಬ ಅಲ್ಲ, ಅಳತೆ.

ಮಾರ್ಚ್ 28, ಶುಕ್ರವಾರ

ಏನು ಬರೆಯಲಿ.

ಎದುರಿನವರ ಉತ್ತರ ಬಂದಿದೆ. ವಕೀಲಮ್ಮ ಇಬ್ಬರನ್ನೂ ಕರೆಸಿ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಮದುವೆ ವಿಡಿಯೋ. ಊಟದ ಹೊತ್ತು. ಮೈಕು ಹಿಡಿದು ನಿಂತಿದ್ದಾನೆ ಒಬ್ಬ. ಇಸ್ತ್ರಿ ಮಾಡಿದ ಶರ್ಟು, ಎದೆ ಮುಂದೆ. ನಾನು.

"ಗಂಡು-ಹೆಣ್ಣು ಇಬ್ಬರಿಗೂ ಸೇರಲಿ ಅಂತಲೇ ಆ ಮನೆ ಕೊಟ್ಟಿದ್ದೀನಿ. ಹೆಸರು ಹುಡುಗಿದು, ದುಡ್ಡು ನನ್ನದು. ಅದರ ಒಂದೊಂದು ಕಲ್ಲೂ ನನ್ನ ಬೆವರು."

ಜನ ಚಪ್ಪಾಳೆ ತಟ್ಟಿದ್ದಾರೆ. ನಾನು ಇನ್ನೂ ಒಂದು ಸಲ ಹೇಳಿದ್ದೀನಿ. ಎರಡನೇ ಸಲ ಕೈ ಎತ್ತಿ.

ಈಗ ಅವರ ವಾದ ಇದೇ. ಹಣ ಮಾವಂದು, ಹೆಸರು ಮಾತ್ರ ಅವಳದು, ಕೊಟ್ಟಿದ್ದು ಇಬ್ಬರಿಗೂ, ಆದ್ದರಿಂದ ಅರ್ಧ ನಮ್ಮದು. ಕಾಗದ ನಮ್ಮ ಕಡೆ ಗಟ್ಟಿಯಾಗಿದೆ ಅಂದರು ವಕೀಲಮ್ಮ. ಆದರೆ ಇದನ್ನಿಟ್ಟುಕೊಂಡು ವರ್ಷಗಟ್ಟಲೆ ಎಳೀತಾರೆ. ಮೊದಲು ಸಂಧಾನಕ್ಕೆ ಕೂರಿಸ್ತಾರೆ. ಅಲ್ಲಿ ನೀವು ಬಂದು, ನಾನು ಒಂದು ಪೈಸೆ ಕೊಟ್ಟಿಲ್ಲ, ಅವತ್ತು ಹೇಳಿದ್ದು ಸುಳ್ಳು ಅಂತ ಹೇಳಬೇಕು. ಅಷ್ಟೇ.

ಅಷ್ಟೇ ಅಂತೆ.

ಯಾಕೆ ಹೇಳಿದೆ ಅಂತ ನನಗೆ ಗೊತ್ತು. ಊಟದ ಸಾಲಿನಲ್ಲಿ ಬೀಗಿತ್ತಿಯ ತಮ್ಮ — ಓರೆ ನಗುವಿನ ಮನುಷ್ಯ — ಪಕ್ಕದವರಿಗೆ ಹೇಳ್ತಿದ್ದ, ತಂದೆಯಿಲ್ಲದ ಹುಡುಗಿ, ತವರಿಂದ ಏನೂ ಇಲ್ಲದೆ ಕೈಬೀಸಿಕೊಂಡು ಬಂದಿದ್ದಾಳೆ ಅಂತ. ನನಗೆ ಕೇಳಿಸಿತು. ಮೈಕು ಹತ್ತಿರದಲ್ಲಿತ್ತು. ನಾಲಿಗೆಗೆ ಎಲುಬಿಲ್ಲ.

ಆಫೀಸಿನಿಂದ ಇಳಿಯುವಾಗ ಗುಬ್ಬಿ, ಆ ಶರ್ಟು ನಿನಗೆ ಚೆನ್ನಾಗಿತ್ತು ಮಾವ ಅಂದಳು.

ಏಪ್ರಿಲ್ 10, ಗುರುವಾರ. ಮಧ್ಯಾಹ್ನ

ಸಂಧಾನ ಆಯಿತು. ಕೋರ್ಟಿನ ಹಿಂದೆ ಒಂದು ರೂಮು. ಉದ್ದನೆ ಮೇಜು, ನೀರಿನ ಬಾಟಲಿ, ಎರಡು ಫ್ಯಾನು — ಒಂದು ಮಾತ್ರ ತಿರುಗುತ್ತೆ. ಸಂಧಾನಕ್ಕೆ ಕೂತವರು ಬಿಳಿಗೂದಲಿನ ದೊಡ್ಡವರು, ಮೆತ್ತಗೆ ಮಾತಾಡ್ತಾರೆ. ಎದುರಿಗೆ ಅಳಿಯ, ಬೀಗಿತ್ತಿ, ಅವರ ತಮ್ಮ, ಅವರ ವಕೀಲರು.

ಮನೆಯಿಂದ ಹೊರಡುವಾಗ ಹತ್ತು ಸಲ ಬಾಯಿಪಾಠ ಮಾಡಿದ್ದೆ. ಕೊಟ್ಟಿಲ್ಲ, ಕೊಟ್ಟಿಲ್ಲ, ಕೊಟ್ಟಿಲ್ಲ. ದೊಡ್ಡವರು, ಈ ಮನೆಗೆ ನೀವು ಹಣ ಕೊಟ್ಟಿದ್ದೀರಾ ಯಜಮಾನ್ರೇ ಅಂತ ಕೇಳಿದರು. ಬಾಯಿ ತೆಗೆದೆ. ಬೀಗಿತ್ತಿಯ ತಮ್ಮ ಎದುರಿಗೇ ಕೂತಿದ್ದ. ಅದೇ ಓರೆ ನಗು. ಆರು ವರ್ಷ ಆದರೂ ಸವೆದಿಲ್ಲ.

"ಪೂರ್ತಿ ಅಂತ ಅಲ್ಲ... ಒಂದಷ್ಟು" ಅಂದೆ.

ಅವರ ವಕೀಲರು ಬರೆದುಕೊಂಡರು. ನಮ್ಮ ವಕೀಲಮ್ಮ ಪೆನ್ನು ಮುಚ್ಚಿ ಕೆಳಗಿಟ್ಟರು. ಗುಬ್ಬಿ ಬಾಟಲಿಯಿಂದ ನೀರು ಬಗ್ಗಿಸಿ ನನ್ನ ಮುಂದೆ ಇಟ್ಟಳು.

ಏಪ್ರಿಲ್ 11, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ. ಏನೂ ಬರೆಯೋದಿಲ್ಲ.

ಏಪ್ರಿಲ್ 27, ಭಾನುವಾರ. ಸಂಜೆ

ಎರಡು ವಾರ ಅವಳ ಕಡೆ ತಲೆ ಹಾಕಿರಲಿಲ್ಲ. ಫೋನ್ ಎತ್ತಿರಲಿಲ್ಲ. ಇವತ್ತು ತಾನೇ ಬಂದಳು. ಬೀನ್ಸ್ ತಂದಿದ್ದಳು. ಚಾಪೆ ಮೇಲೆ ಕೂತು ನಾರು ತೆಗೆಯೋಕೆ ಶುರು ಮಾಡಿದಳು, ನನ್ನ ರೂಮು ಅವಳ ರೂಮು ಅನ್ನೋ ಹಾಗೆ. ಬೆನ್ನುನೋವಿನ ಮಾತ್ರೆ ತಗೊಂಡೆಯಾ ಅಂತ ಕೇಳಿದಳು. ವಕೀಲಮ್ಮನ ಆಫೀಸಿನ ಟೈಲ್ಸ್ ಇನ್ನೂ ಮಾಡಿಲ್ಲವಂತೆ ಅಂದಳು. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದೆ.

ಆಮೇಲೆ, ಬೀನ್ಸ್ ಮುರಿಯುತ್ತಲೇ ಹೇಳಿದಳು.

"ಮನೆ ಮಾರಿಬಿಡ್ತೀನಿ ಮಾವ. ಅವರಿಗೆ ಅರ್ಧ ಕೊಟ್ಟು, ಆಸ್ಪತ್ರೆ ಹತ್ತಿರ ಒಂದು ಬಾಡಿಗೆ ರೂಮು ನೋಡ್ಕೋತೀನಿ. ಮೇ ಎಂಟಕ್ಕೆ ಮತ್ತೆ ಸಂಧಾನಕ್ಕೆ ಕೂರಿಸ್ತಾರಲ್ಲ, ಅವತ್ತು ಹೇಳ್ತೀನಿ."

ಹತ್ತು ವರ್ಷ ದುಡಿದಿದ್ದಲ್ಲವೇನೇ ಅಂದೆ.

"ದುಡಿದಿದ್ದು ಹೌದು. ಇನ್ನೊಂದು ಸಲ ದುಡಿಯಬಹುದು. ನಿನ್ನನ್ನ ಅವರ ಮುಂದೆ ಕೂರಿಸಿ ಸುಳ್ಳ ಅನ್ನಿಸೋಕೆ ನನಗೆ ಮನಸ್ಸಿಲ್ಲ. ಮನೆ ಇನ್ನೊಂದು ಸಿಗುತ್ತೆ."

ಬೀನ್ಸ್ ಡಬ್ಬಿಗೆ ಹಾಕಿಟ್ಟು, ನಾಳೆ ಮಾಡ್ಕೋ ಅಂತ ಹೇಳಿ ಹೋದಳು.

ನನ್ನ ಮಾನದ ಬೆಲೆ ಎಷ್ಟು ಅಂತ ಇವತ್ತು ಗೊತ್ತಾಯಿತು. ಅರ್ಧ ಮನೆ. ಅಷ್ಟು ಬೆಲೆ ಬಾಳೋ ಮಾನ ನನ್ನದಲ್ಲ. ಯಾರೂ ಅಷ್ಟಕ್ಕೆ ಕೊಳ್ಳಲ್ಲ. ಇವಳೊಬ್ಬಳು ಹೊರಟಿದ್ದಾಳೆ ಕೊಳ್ಳೋಕೆ.

ಮೇ 7, ಬುಧವಾರ

ವಕೀಲಮ್ಮನ ಹತ್ತಿರ ಹೋದೆ. ಗುಬ್ಬಿಗೆ ಹೇಳದೆ. ಸಾಮಾನು ತಗೊಂಡೇ ಹೋದೆ. ಎರಡು ಟೈಲ್ಸ್ ಎಬ್ಬಿಸಿ, ಕೆಳಗೆ ತುಂಬಿಸಿ, ಕೂರಿಸಿದೆ. ಅವರು ಫೈಲು ನೋಡ್ತಾ ಕೂತಿದ್ದರು. ಕೆಲಸ ಮುಗಿಸಿ ಕರಣೆಯ ಹಿಡಿಯಿಂದ ತಟ್ಟಿ ತೋರಿಸಿದೆ, ಸದ್ದು ಗಟ್ಟಿಯಾಗಿದೆ ನೋಡಿ ಅಂತ. ನಾಳೆ ನೀವೂ ಹೀಗೇ ಗಟ್ಟಿಯಾಗಿ ಬರ್ತೀರಾ ಅಂತ ಕೇಳಿದರು. ಬರ್ತೀನಿ ಮೇಡಂ, ಮಾರೋ ಮಾತು ಆಡಬೇಡಿ ಅಂತ ನೀವು ಗುಬ್ಬಿಗೆ ಹೇಳಿ, ಮೊದಲು ನನಗೆ ಮಾತಾಡೋಕೆ ಬಿಡಲಿ ಅಂದೆ. ಈ ಎರಡು ದಿನ ಇದರ ಮೇಲೆ ಕಾಲಿಡಬೇಡಿ, ಒಣಗಬೇಕು ಅಂತಲೂ ಹೇಳಿದೆ. ಅಲ್ಲಿಂದ ಹೊರಗೆ ಹೋಗೋಕೆ ಅವರು ಮೇಜು ಸರಿಸಬೇಕಾಯಿತು.

ಮೇ 8, ಗುರುವಾರ. ಸಂಜೆ 5

ಇವತ್ತಿನದು ಇವತ್ತೇ ಬರೆಯಬೇಕು.

ಅದೇ ರೂಮು, ಅದೇ ಜನ. ಇವತ್ತು ಎರಡೂ ಫ್ಯಾನು ತಿರುಗ್ತಿತ್ತು. ದೊಡ್ಡವರು ಕೇಳೋ ಮುಂಚೆಯೇ ಎದ್ದು ನಿಂತೆ. ಕೂತ್ಕೊಂಡೇ ಹೇಳಿ ಅಂದರು. ಕೂತರೆ ಬರಲ್ಲ ಅಂದೆ.

ಹೇಳಿದೆ. ನಾನು ಒಂದು ಪೈಸೆ ಕೊಟ್ಟಿಲ್ಲ. ಕೊಡೋ ಯೋಗ್ಯತೆ ಇರಲಿಲ್ಲ, ಈಗಲೂ ಇಲ್ಲ. ನಾನಿರೋದು ಬಾಡಿಗೆ ರೂಮು. ಮದುವೆಯಲ್ಲಿ ಹೇಳಿದ್ದು ಸುಳ್ಳು. ಹೋದ ಸಲ ಒಂದಷ್ಟು ಅಂದಿದ್ದೂ ಸುಳ್ಳು. ಆರು ವರ್ಷ ಟೀ ಅಂಗಡಿಯಲ್ಲಿ, ಕೆಲಸದ ಮನೆಗಳಲ್ಲಿ ಹೇಳಿದ್ದೆಲ್ಲ ಸುಳ್ಳು.

ಹಾಗಾದರೆ ಯಾಕೆ ಹೇಳಿದಿರಿ ಅಂತ ಕೇಳಿದರು ದೊಡ್ಡವರು. ಬೀಗಿತ್ತಿಯ ತಮ್ಮನ ಕಡೆ ಕೈ ತೋರಿಸಿದೆ.

"ಹುಡುಗಿ ಕೈಬೀಸಿಕೊಂಡು ಬಂದಿದ್ದಾಳೆ ಅಂದರು ಇವರು. ಕೈಬೀಸಿಕೊಂಡು ಬಂದಿದ್ದು ಅವಳಲ್ಲ ಸ್ವಾಮಿ, ನಾನು. ಅಕ್ಕ ಇರಲಿಲ್ಲ, ಭಾವ ಇರಲಿಲ್ಲ, ಕೊಡಬೇಕಾದವನು ನಾನೊಬ್ಬನೇ. ನನ್ನ ಹತ್ತಿರ ಏನೂ ಇರಲಿಲ್ಲ. ಅದಕ್ಕೆ ಅವಳದನ್ನೇ ಅವಳಿಗೆ ಕೊಟ್ಟೆ."

ಅವರ ವಕೀಲರು ಎದ್ದರು. ಮದುವೆಯಲ್ಲಿ ಪೂರ್ತಿ ಅಂದಿರಿ, ಹೋದ ತಿಂಗಳು ಒಂದಷ್ಟು ಅಂದಿರಿ, ಇವತ್ತು ಏನೂ ಇಲ್ಲ ಅಂತೀರಿ, ನಾಳೆ ಇನ್ನೇನು ಹೇಳ್ತೀರೋ ಅಂದರು. ಸರಿಯಾದ ಮಾತು. ಸುಳ್ಳನ ನಿಜಕ್ಕೆ ಜಾಮೀನು ಯಾರು.

ಕೂರೋಕೆ ಹೋದೆ. ಬೀಗಿತ್ತಿ ಕಣ್ಣಿಗೆ ಬಿದ್ದರು. ಎಷ್ಟು ಸಲ ನೀರು ತಂದುಕೊಟ್ಟ ಹೆಂಗಸು. ಕೈ ಮುಗಿದೆ. ತಪ್ಪಾಯಿತು ತಾಯಿ, ನಿಮಗೆ ಮೋಸ ಮಾಡಿದೆ, ಏನೂ ಅರಿಯದ ನೀವು ಪಾಪ ನನ್ನ ಮಾತು ನಂಬಿಬಿಟ್ಟಿರಿ ಅಂದೆ.

ಬೀಗಿತ್ತಿಯ ಮುಖ ಕೆಂಪಾಯಿತು.

"ನಂಬಿದ್ವಾ? ಯಾರು, ನಾವಾ? ಇವರ ಮಾತನ್ನಾ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಮನುಷ್ಯ ಅಂತ ನೋಡಿದ ಕೂಡಲೇ ಗೊತ್ತಾಗಲ್ವಾ? ಮದುವೆ ಮಾತಿಗೆ ಮುಂಚೆಯೇ ನನ್ನ ತಮ್ಮ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದ. ಹುಡುಗಿ ತಾನೇ ಮನೆ ತಗೊಂಡಿದ್ದಾಳೆ, ತಾನೇ ಸಾಲ ತೀರಿಸ್ತಿದ್ದಾಳೆ, ಗಟ್ಟಿ ಹುಡುಗಿ ಅಂತ. ಅದಕ್ಕೇ ಒಪ್ಪಿದ್ದು ನಾವು."

ಅವರ ವಕೀಲರು ಕೆಮ್ಮಿದರು. ತಮ್ಮ, ಅಕ್ಕಾ ಅಕ್ಕಾ ಅಂತ ತೋಳು ಅಲುಗಿಸಿದ. ಓರೆ ನಗು ಎಲ್ಲೋ ಹೋಗಿತ್ತು. ನೀನು ಸುಮ್ನಿರೋ, ಇವರ ಬಾಯಲ್ಲಿ ಪಾಪ ಅನ್ನಿಸಿಕೊಂಡು ಕೂರಲಾ ನಾನು ಅಂದರು ಬೀಗಿತ್ತಿ. ಇನ್ನೂ ಮುಗಿದಿರಲಿಲ್ಲ.

"ಮದುವೆ ಆದ ಎರಡನೇ ದಿನ ಇವಳೇ ನನ್ನ ಹತ್ತಿರ ಬಂದಳು. ಅತ್ತೆ, ಮಾವ ಮೈಕಿನಲ್ಲಿ ಏನೇನೋ ಹೇಳಿಬಿಟ್ಟ, ಯಾರೂ ಎದುರಾಡಬೇಡಿ, ನನಗಿರೋದು ಅವನೊಬ್ಬನೇ ಅಂತ. ಆರು ವರ್ಷ ಎದುರಾಡಿದ್ದೀವಾ ಕೇಳಿ. ಕುರ್ಚಿ ಹಾಕಿ ಕೂರಿಸಿದ್ದೀನಿ ನಾನು."

ದೊಡ್ಡವರು ಅಳಿಯನ ಕಡೆ ತಿರುಗಿ, ನಿಮಗೂ ಗೊತ್ತಿತ್ತಾ ಅಂತ ಕೇಳಿದರು. ಅವನು ಮೇಜು ನೋಡ್ತಾ ತಲೆಯಾಡಿಸಿದ. ವಕೀಲಮ್ಮ ಪೆನ್ನು ತೆಗೆದು ಬರೆಯೋಕೆ ಶುರು ಮಾಡಿದರು.

ನಾನು ಗುಬ್ಬಿ ಕಡೆ ನೋಡಲಿಲ್ಲ. ಆಗಲಿಲ್ಲ.

ಮೇ 9, ಶುಕ್ರವಾರ

ಬೇಕಂತಲೇ ಬೀಗಿತ್ತಿಯನ್ನು ಕೆಣಕಿ ನಿಜ ಹೊರಗೆ ತೆಗೆಸಿದೆ ಅಂತ ಬರೆಯೋಣ ಅನ್ನಿಸಿತು. ಟೀ ಅಂಗಡಿಗೆ ಒಳ್ಳೆ ಕತೆ. ಇಲ್ಲ. ಮನಸಾರೆ ಕ್ಷಮೆ ಕೇಳಿದ್ದೆ. ಅವರಿಗೆ ಸಿಟ್ಟು ಬಂದದ್ದು ಅವರ ದೊಡ್ಡತನ.

ಎಷ್ಟು ದೊಡ್ಡ ಬುರುಡೆ ಬಿಟ್ಟಿದ್ದೆ, ಒಬ್ಬರೂ ನಂಬಿರಲಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಏಮಾರಿಸಿದೆ ಅಂತ ಬೀಗುತ್ತಾ ಬಂದು ಕುರ್ಚಿ ಮೇಲೆ ಕೂರ್ತಿದ್ದೆ. ಅವರೆಲ್ಲ ನನಗೋಸ್ಕರ ಎದ್ದು ನಿಲ್ತಿದ್ದರು, ನೀರು ಕೊಡ್ತಿದ್ದರು, ಒಳಗೆ ಹೋಗಿ ನಗಲೂ ಇಲ್ಲ — ನಕ್ಕಿದ್ದರೆ ಈ ಪಾಪಿ ಕಿವಿಗೆ ಕೇಳಿಸ್ತಿತ್ತು. ಸುಳ್ಳಿಗೆ ಯಾರಾದರೂ ಇಷ್ಟು ಮರ್ಯಾದೆ ಕೊಡ್ತಾರಾ. ಕೊಟ್ಟಿದ್ದು ಸುಳ್ಳಿಗಲ್ಲ. ಗುಬ್ಬಿ ಮಾತಿಗೆ.

ಮೈಕು ಹಿಡಿದ ಎರಡನೇ ದಿನವೇ ಅವಳು ಅದನ್ನೆಲ್ಲ ಸರಿಮಾಡಿ ಇಟ್ಟಿದ್ದಳು. ಆಗ ಅವಳಿಗೆ ಇಪ್ಪತ್ತೊಂಬತ್ತು. ನನಗೆ ಈಗ ಐವತ್ತೇಳು.

ಬೀಗಿತ್ತಿಗೆ ಒಳ್ಳೆಯದಾಗಲಿ. ಆ ತಮ್ಮನಿಗೂ ಆಗಲಿ. ಸ್ವಲ್ಪ ಕಡಿಮೆ ಆಗಲಿ.

ಜೂನ್ 12, ಗುರುವಾರ

ಸಹಿ ಆಯಿತು. ಮನೆ ಗುಬ್ಬಿಯದೇ. ಯಾರದೂ ತಕರಾರಿಲ್ಲ ಅಂತ ಅಳಿಯ ಬರೆದುಕೊಟ್ಟ. ಮೇಲಿನ ರೂಮಿನ ಗೋಡೆ ಎಬ್ಬಿಸಿದ್ದು, ನೀರಿನ ಟ್ಯಾಂಕು ಇಡಿಸಿದ್ದು ಅವನ ದುಡ್ಡಲ್ಲಿ. ಅದಕ್ಕೆ ಬಿಲ್ಲು ಇದೆ. ಅದನ್ನು ಗುಬ್ಬಿ ವಾಪಸ್ ಕೊಡ್ತಾಳೆ. ಕೊಡಲೇಬೇಕಾ ಅಂತ ನಾನು ವಕೀಲಮ್ಮನ ಕಿವಿಯಲ್ಲಿ ಕೇಳಿದೆ. ಅವರ ಬದಲು ಗುಬ್ಬಿ ಹೇಳಿದಳು, ಅವರದು ಅವರಿಗೆ ಹೋದರೇ ನನ್ನದು ನನಗೆ ಉಳಿಯೋದು ಮಾವ, ಅಂತ. ಹೌದಲ್ಲ.

ಮಧ್ಯಾಹ್ನ ಅಳಿಯ ಸೋಫಾ ತಗೊಂಡು ಹೋಗೋಕೆ ಬಂದ. ಮದುವೆಯಾದ ಮೇಲೆ ಅವನು ತಂದಿದ್ದು. ಒಂದು ತುದಿ ಅವನು, ಒಂದು ತುದಿ ನಾನು ಹಿಡಿದೆವು. ಮೆಟ್ಟಿಲ ಹತ್ತಿರ ತಿರುಗಿಸುವಾಗ, ಮಾವ, ಅಂಗಡಿಗೆ ದುಡ್ಡು ಬೇಕಿತ್ತು, ಬುದ್ಧಿ ಓಡಲಿಲ್ಲ ಅಂದ. ನನಗೂ ಒಂದು ಸಲ ಓಡಿರಲಿಲ್ಲಪ್ಪ, ಕೈಯಲ್ಲಿ ಮೈಕು ಇತ್ತು ಅಂದೆ. ನಕ್ಕ. ಅಂಗಡಿ ಶುರುವಾದರೆ ನೆಲ ಹಾಸೋಕೆ ಕರಿ ಅಂದೆ. ಕರೀತೀನಿ ಅಂದ. ಕರೆಯೋದಿಲ್ಲ. ಆದರೂ ಅಂದನಲ್ಲ.

ಗುಬ್ಬಿ ಗೇಟಿನ ಹತ್ತಿರ ನಿಂತು ಗಾಡಿ ಹೋಗೋವರೆಗೂ ನೋಡಿದಳು. ಖಾಲಿ ಜಾಗದಲ್ಲಿ ಏನಿಡ್ತೀಯ ಅಂತ ಕೇಳಿದೆ. ಸದ್ಯ ಗಾಳಿ ಅಂದಳು.

ಜುಲೈ 6, ಭಾನುವಾರ. ಬೆಳಿಗ್ಗೆ 11

ಮೇಲಿನ ರೂಮಿನ ನೆಲ ಮಂಗಳವಾರವೇ ಮುಗಿಯಿತು. ಬೂದು ಬಣ್ಣದ ಟೈಲ್ಸ್, ಸಂದಿ ದಾರದಷ್ಟು. ಗೋಲಿ ಇಟ್ಟರೆ ಇಟ್ಟ ಕಡೆ ನಿಲ್ಲುತ್ತೆ. ಇಂಥ ಕೆಲಸ ನಾನೇ ಎರಡನೇ ಸಲ ಮಾಡಲಾರೆ.

ಯಾರಿಗೆ ಬಾಡಿಗೆಗೆ ಕೊಡ್ತೀಯ ಅಂತ ಮೊದಲೇ ಕೇಳಿದ್ದೆ. ಆಮೇಲೆ ಹೇಳ್ತೀನಿ ಅಂದಿದ್ದಳು. ಇವತ್ತು ಬೆಳಿಗ್ಗೆ ಒಂದು ಕಾಗದ ತಂದು ಕೊಟ್ಟಳು. ವಕೀಲಮ್ಮ ಟೈಪ್ ಮಾಡಿಸಿದ್ದು. ಮೇಲಿನ ರೂಮಿನಲ್ಲಿ ನಾನು ಬದುಕಿರೋವರೆಗೂ ಇರಬಹುದು, ಯಾರೂ ಎಬ್ಬಿಸೋ ಹಾಗಿಲ್ಲ ಅಂತ. ಇದೆಲ್ಲ ಯಾಕೆ, ಬಾ ಮಾವ ಅಂದರೆ ಬರಲ್ವಾ ನಾನು ಅಂದೆ. ಬಾಯಿಮಾತಿನ ಮನೆ ಎಂಥದು ಅಂತ ನೋಡಿದ್ದಾಯಿತಲ್ಲ ಅಂದಳು. ನಗು ಬಂತು. ಕನ್ನಡಕವೂ ಒದ್ದೆ ಆಯಿತು. ಸಿಮೆಂಟಿನ ಧೂಳು ಅಂದೆ. ಒರೆಸಿ ಮೂರು ದಿನ ಆಯಿತು ಮಾವ, ಧೂಳಿಲ್ಲ ಅಂದಳು.

ಕೂಲಿ ಬೇಡ ಅಂದೆ. ತಗೊಳ್ಳಲೇಬೇಕಂತೆ, ರಸೀದಿಯನ್ನೂ ಕೊಡಬೇಕಂತೆ. ಮನೆಗೆ ಯಾರು ಏನು ಮಾಡಿದರು ಅನ್ನೋದು ಇನ್ನು ಮುಂದೆ ಕಾಗದದಲ್ಲಿ ಇರಲಿ ಅಂತ. ರಸೀದಿ ಪುಸ್ತಕ ತಗೊಂಡು ಕೂತೆ. ಮನೆ ಮಾಲೀಕರು ಅನ್ನೋ ಕಡೆ ಪೆನ್ನು ಊರಿದೆ. ಗುಬ್ಬಿ ಅಂತ ಬರೆಯೋ ಹಾಗಿಲ್ಲ. ಪೂರ್ತಿ ಹೆಸರು, ಕ್ರಯಪತ್ರದಲ್ಲಿ ಇರೋ ಹಾಗೆ, ದಪ್ಪಕ್ಷರದಲ್ಲಿ ಬರೆದೆ. ಮೇಷ್ಟ್ರು ನೋಡಿದ್ದರೆ ಸುಧಾರಿಸಿದೆ ಅಂತಿದ್ದರು.

ಮನೆ ನಾನು ಕೊಡಲಿಲ್ಲ. ಗೋಡೆ ನಾನು ಕೊಡಲಿಲ್ಲ. ನೆಲಕ್ಕೂ ಈಗ ಕೂಲಿ ತಗೊಂಡೆ. ಆದರೆ ಈ ಹೆಸರು — ಅವಳು ಹುಟ್ಟಿದ ಹದಿಮೂರನೇ ದಿನ, ಅಕ್ಕನ ಮಂಚದ ಪಕ್ಕ ನಿಂತು ನಾನೇ ಹೇಳಿದ್ದು. ಎಲ್ಲರೂ ಬೇರೆ ಬೇರೆ ಹೆಸರು ಹೇಳ್ತಿದ್ದರು. ಅಕ್ಕ ಇದೇ ಇರಲಿ ಅಂದಳು. ಇದೊಂದು ಕೊಟ್ಟಿದ್ದು ನಾನೇ. ಬುರುಡೆ ಅಲ್ಲ. ಸಾಕ್ಷಿ ಇಲ್ಲ, ಅಷ್ಟೇ. ಅಕ್ಕ ಇದ್ದಿದ್ದರೆ ಹೌದು ಅಂತಿದ್ದಳು.